ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ

ಹೋದ ಶ್ರಾವಣದಲ್ಲಿ ನನಗೊಂದು ನೆಗಡಿ ಬಂತು. ನೆಗಡಿಯಲ್ಲಿ ವಿಶೇಷವೇನು ಅನ್ನಬೇಡಿ. ತಲೆ ನೆನೆದ ಅಕ್ಕಿಮೂಟೆಯ ಹಾಗೆ ಭಾರ, ಗಂಟಲೊಳಗೆ ಯಾರೋ ಕೂತು ಕೊಬ್ಬರಿ ತುರಿಯುತ್ತಿರುವ ಹಾಗೆ ಕೆರೆತ. ಎರಡು ದಿನ ಮೆಣಸು, ಶುಂಠಿ, ದೊಡ್ಡಪತ್ರೆ ಎಲ್ಲ ಕುದಿಸಿದ ಕಷಾಯ ಕುಡಿದು, ಮೂರನೆಯ ದಿನ ಮಫ್ಲರ್ ಸುತ್ತಿಕೊಂಡು ಡಾಕ್ಟರ ಶಾಪಿಗೆ ಹೊರಟೆ. ನಮ್ಮ ಕಡೆ ಹಳಬರು ಕ್ಲಿನಿಕ್ಕಿಗೆ ಇವತ್ತಿಗೂ ಶಾಪು ಎಂದೇ ಅನ್ನುವುದು. ಅಂಗಡಿ ಅಂದಮೇಲೆ ಹೋದವನು ಬರಿಗೈಲಿ ಬರಬಾರದು ಅನ್ನುವುದೂ ನಮ್ಮ ಪದ್ಧತಿ. ತಕರಾರು ಶುರುವಾದದ್ದೇ ಅಲ್ಲಿಂದ.

ಮೂವತ್ತು ವರ್ಷ ಆ ಶಾಪಿನ ಕುರ್ಚಿಯಲ್ಲಿ ಕೂತಿದ್ದ ದೊಡ್ಡ ಡಾಕ್ಟರು ಈಗ ಹಿಂದಿನ ಮನೆಗೆ ಸರಿದಿದ್ದಾರೆ. ಕುರ್ಚಿಗೆ ಅವರ ಮಗಳು ಬಂದಿದ್ದಾಳೆ, ಎಂ.ಡಿ. ಮಾಡಿದವಳು. ಶಾಪಿನ ಮುಂದೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿ. ಹಾಗಾಗಿ ನನಗೆ ಮನಸ್ಸಿನಲ್ಲಿ ‘ನೀನು’, ಬಾಯಲ್ಲಿ ‘ನೀವು’. ಅವಳು ಎದೆಗೂ ಬೆನ್ನಿಗೂ ಸ್ಟೆತಸ್ಕೋಪು ಇಟ್ಟು ಕೇಳಿದಳು. ಟಾರ್ಚು ಬಿಟ್ಟು ಗಂಟಲು ನೋಡಿದಳು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು. ಕಿವಿಯನ್ನೂ ಬಿಡಲಿಲ್ಲ. ಇಷ್ಟೆಲ್ಲ ನೋಡಿದ್ದಾಳೆ, ಚೀಟಿ ಎರಡು ಪುಟಕ್ಕೆ ಮೋಸವಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

“ವೈರಲ್ಲು ಅಂಕಲ್. ಏನೂ ಬೇಡ. ಬಿಸಿನೀರು ಕುಡೀರಿ, ಉಪ್ಪುನೀರು ಮುಕ್ಕಳಿಸಿ. ಜ್ವರ ಬಂದ್ರೆ ಪ್ಯಾರಸಿಟಮಾಲ್. ಮೂರು ದಿನ ಆದ್ರೂ ಜ್ವರ ಬಿಡ್ಲಿಲ್ಲ, ಉಸಿರು ಕಟ್ತು ಅಂದ್ರೆ ತಕ್ಷಣ ಬನ್ನಿ.”

“ಅಷ್ಟೇನಾ?”

“ಅಷ್ಟೇ.”

“ಆಂಟಿಬಯೋಟಿಕ್ಕು?”

“ವೈರಸ್ಸಿಗೆ ಅದು ಕೆಲ್ಸ ಮಾಡಲ್ಲ ಅಂಕಲ್.”

“ಒಂದು ಇಂಜೆಕ್ಷನ್ನಾದ್ರೂ…”

“ಯಾತಕ್ಕೆ?”

ಯಾತಕ್ಕೆ ಅಂದರೆ ಏನು ಹೇಳಲಿ? ಮೂವತ್ತು ವರ್ಷ ಆ ಪರದೆಯ ಹಿಂದೆ ಹೋಗಿ ಪಂಚೆ ಸಡಿಲಿಸಿ ನಿಂತವನು ನಾನು. ಯಾರೊಬ್ಬರೂ ಯಾತಕ್ಕೆ ಎಂದು ಕೇಳಿರಲಿಲ್ಲ. ಮುನ್ನೂರು ರೂಪಾಯಿ ಕೊಟ್ಟು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಕೇಳಿದಳು, “ಏನು ಕೊಟ್ರು?”

“ಬಿಸಿನೀರು.”

“ಅದು ನಮ್ಮನೇಲೂ ಇತ್ತಲ್ಲ!”

ನನ್ನ ಸಿಟ್ಟಿಗೆ ವಂಶದ ಹಿನ್ನೆಲೆಯೂ ಇದೆ. ನಮ್ಮಪ್ಪ ಕಾಂಪೌಂಡರು. ಆಗ ಗುಳಿಗೆಗಿಂತ ಮಿಕ್ಸ್ಚರಿಗೆ ಬೆಲೆ. ರೋಗಿ ಮನೆಯಿಂದಲೇ ಬಾಟಲಿ ತೊಳೆದು ತರಬೇಕು. ಅಪ್ಪ ಅದಕ್ಕೆ ದೊಡ್ಡ ಗಾಜಿನ ಜಾಡಿಯಿಂದ ಕೆಂಪು ಔಷಧ ಸುರಿದು, ನೀರು ಬೆರೆಸಿ, ಆಮೇಲೆ ಒಂದು ಬಿಳಿ ಕಾಗದದ ಪಟ್ಟಿಯನ್ನು ಮಡಿಸಿ ಕತ್ತರಿಯಲ್ಲಿ ಕಚಕ್ ಕಚಕ್ ಎಂದು ಕತ್ತರಿಸಿ ಬಿಡಿಸುತ್ತಿದ್ದರು. ಬಿಡಿಸಿದರೆ ಎರಡೂ ಅಂಚಿಗೆ ಸಮನಾಗಿ ಹಲ್ಲು. ಅದನ್ನು ಗೋಂದಿನಲ್ಲಿ ಬಾಟಲಿಗೆ ಅಂಟಿಸಿದರೆ ಒಂದು ಹಲ್ಲಿಗೆ ಒಂದು ಡೋಸು. ಓದು ಬರಹ ಬಾರದ ಅಜ್ಜಿಯೂ ಬೆರಳಿಟ್ಟು ಅಳೆದು ಕುಡಿಯುತ್ತಿದ್ದಳು. ಬಾಟಲಿಯೊಳಗೆ ಏನಿತ್ತೋ ದೇವರಿಗೇ ಗೊತ್ತು, ಅಳತೆ ಮಾತ್ರ ಪಕ್ಕಾ. ಈ ಕಾಗದದ ಪಟ್ಟಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೆಗಡಿ ಐದನೆಯ ದಿನ ತಾನಾಗಿಯೇ ಹೋಯಿತು. ಅದು ಇನ್ನೂ ಹೆಚ್ಚಿನ ಅವಮಾನ. ಮಳೆ ಹಿಡಿದು ಶಾಪಿನಲ್ಲಿ ಜನವಿಲ್ಲದ ಒಂದು ಸಂಜೆ ಜಗಳ ಆಡುವುದಕ್ಕೆಂದೇ ಹೋದೆ. “ಅಲ್ಲ ಡಾಕ್ಟ್ರಮ್ಮ, ನಿಮ್ಮಪ್ಪ ಇದ್ದಾಗ ಒಂದು ಇಂಜೆಕ್ಷನ್ನು, ಮೂರು ಬಣ್ಣದ ಮಾತ್ರೆ ಅಂತ ಒಂದು ಮರ್ಯಾದೆ ಇತ್ತು…”

“ಅದಕ್ಕೆಲ್ಲ ಎವಿಡೆನ್ಸ್ ಇಲ್ಲ ಅಂಕಲ್.”

ನಾನು ಮೂವತ್ತನಾಲ್ಕು ವರ್ಷ ತಾಲ್ಲೂಕು ಕಚೇರಿಯಲ್ಲಿ ಸವೆದವನು. ಪುರಾವೆಯ ವಿಷಯ ನನಗೆ ಹೇಳಿಕೊಡುವುದೇ? ಪಹಣಿ ತಾ, ವಂಶವೃಕ್ಷ ತಾ, ರೇಷನ್ ಕಾರ್ಡು ತಾ ಎಂದು ಇಡೀ ತಾಲ್ಲೂಕನ್ನು ಓಡಾಡಿಸಿದವನು. ಅಪ್ಪ ಸತ್ತ ಎಂದು ಕಣ್ಣೀರಿಟ್ಟು ಬಂದವನ ಹತ್ತಿರವೂ, ಸತ್ತದ್ದಕ್ಕೆ ದಾಖಲೆ ಎಲ್ಲಿ ಎಂದು ಕೇಳಿದ್ದೇನೆ. ಅದರ ಪಾಪವೋ ಏನೋ, ಈಗ ಪ್ರತಿ ನವೆಂಬರಿನಲ್ಲಿ ನಾನು ಬದುಕಿದ್ದೇನೆ ಎಂಬುದಕ್ಕೆ ನಾನೇ ಬ್ಯಾಂಕಿಗೆ ಹೋಗಿ ಪುರಾವೆ ಕೊಡಬೇಕು. ಇಂಥ ನಾನು ನನ್ನ ಸೊಂಟಕ್ಕೆ ಬಿದ್ದ ಸೂಜಿಗೆ ಒಂದು ಸಲವೂ ದಾಖಲೆ ಕೇಳಿರಲಿಲ್ಲ.

ಹುಡುಗಿ ಬಿಡುವಾಗಿದ್ದಳು. ಎದುರಿಗೆ ಪಾಠ ಕೇಳುವ ಮುದುಕ ಸಿಕ್ಕಿದ್ದ. ಈ ‘ಎವಿಡೆನ್ಸ್’ ಪಂಥದ ನಾಮಕರಣದ ಕಥೆ ಹೇಳಿದಳು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಗಯಟ್ ಎಂಬ ವೈದ್ಯ 1990ರ ಸುಮಾರಿಗೆ, ಗುರುಗಳು ಹೇಳಿದರು ಎಂದು ಔಷಧ ಬರೆಯಬೇಡಿ, ಅಧ್ಯಯನ ಏನು ಹೇಳುತ್ತದೆ ನೋಡಿ ಬರೆಯಿರಿ ಎಂದು ಕಿರಿಯರಿಗೆ ಕಲಿಸಲು ಹೊರಟನಂತೆ. ಮೊದಲು ಇಟ್ಟ ಹೆಸರು ‘ವೈಜ್ಞಾನಿಕ ವೈದ್ಯಕೀಯ’. ಹಿರಿಯ ಪ್ರೊಫೆಸರುಗಳು, ಹಾಗಾದರೆ ನಾವು ಇಷ್ಟು ದಿನ ಮಾಡಿದ್ದು ಮಂತ್ರವೋ ಎಂದು ಕೆಂಡವಾದರು. ಸರಿ, ಹೆಸರು ಬದಲಾಯಿಸಿ ‘ಎವಿಡೆನ್ಸ್ ಆಧಾರಿತ’ ಎಂದ. 1991ರಲ್ಲಿ ಅದು ಅಚ್ಚಿಗೂ ಹೋಯಿತು. ನಮ್ಮಲ್ಲಿ ಮೊಮ್ಮಗುವಿಗೆ ಹೆಸರಿಡುವಾಗ ಬೀಗರು ಮುನಿಸಿಕೊಳ್ಳುವ ಹಾಗೆ.

ಎಂಟೇ ವರ್ಷಕ್ಕೆ ಅದನ್ನು ಗೇಲಿ ಮಾಡುವವರೂ ಹುಟ್ಟಿದರು. ಐಸಾಕ್ಸ್ ಮತ್ತು ಫಿಟ್ಸ್‌ಜೆರಾಲ್ಡ್ ಎಂಬ ಇಬ್ಬರು ಆಸ್ಟ್ರೇಲಿಯಾದ ವೈದ್ಯರು 1999ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ, ಪುರಾವೆ ಸಿಗದಿದ್ದರೆ ವೈದ್ಯರು ಇನ್ನು ಏನೇನನ್ನು ನೆಚ್ಚಬಹುದು ಎಂದು ಏಳು ದಾರಿ ಬರೆದರು. ಮೊದಲನೆಯದು ಹಿರಿತನ: ಇಲ್ಲಿ ಅಳೆಯಬೇಕಾದ್ದು ತಲೆಗೂದಲಿನ ಬಿಳಿ ಹೊಳಪು. ಎರಡನೆಯದು ಅಬ್ಬರ: ದನಿ ಎಷ್ಟು ಡೆಸಿಬೆಲ್ಲು ಎಂದು ನೋಡಬೇಕು. ಇನ್ನೊಂದು ವಾಕ್ಚಾತುರ್ಯ: ನಾಲಗೆಯ ನಯ, ಸೂಟಿನ ಬಟ್ಟೆಯ ನಯ. ದೇವರ ಮೇಲೆ ಭಾರ ಹಾಕುವ ದಾರಿ ಒಂದು, ಕೇಸು ಬಿದ್ದೀತೆಂಬ ಹೆದರಿಕೆಯಲ್ಲಿ ಎಲ್ಲ ಟೆಸ್ಟೂ ಬರೆಯುವ ದಾರಿ ಇನ್ನೊಂದು. ಕೊನೆಯದು ಆತ್ಮವಿಶ್ವಾಸ, ಅದು ಸರ್ಜನ್ನರಿಗೆ ಮಾತ್ರ ಮೀಸಲು. ಕೇಳಿ ನಕ್ಕೆ, ಆಮೇಲೆ ಗಡಬಡಿಸಿದೆ. ನಾನು ಇಷ್ಟು ವರ್ಷ ಡಾಕ್ಟರನ್ನು ಆರಿಸಿದ್ದು ಈ ಏಳರ ಮೇಲೆಯೇ. ದೊಡ್ಡ ಡಾಕ್ಟರ ತಲೆ ಪೂರಾ ಬಿಳಿ.

“ಹಾಗಂತ ಪ್ರತಿಯೊಂದಕ್ಕೂ ಸಂಶೋಧನೆ ಬೇಕಾ? ಹಸಿವಾದಾಗ ಊಟ ಮಾಡೋದಕ್ಕೆ ಯಾರು ಪುರಾವೆ ತಂದ್ರು?” ಎಂದು ಕೆಣಕಿದೆ.

ಅವಳು ಜೋರಾಗಿ ನಕ್ಕಳು. ನನ್ನ ಈ ಪಾಯಿಂಟನ್ನು 2003ರಲ್ಲೇ ಅದೇ ಜರ್ನಲ್ಲಿನಲ್ಲಿ ಇಬ್ಬರು ಹಾಕಿದ್ದರಂತೆ: ವಿಮಾನದಿಂದ ಹಾರುವವರಿಗೆ ಪ್ಯಾರಾಚೂಟಿನಿಂದ ಉಪಯೋಗವಿದೆ ಎಂದು ತೋರಿಸುವ, ಯಾರಿಗೆ ಕೊಡುವುದು ಯಾರಿಗೆ ಬಿಡುವುದು ಎಂದು ಚೀಟಿ ಎತ್ತಿ ನಡೆಸಿದ ಪ್ರಯೋಗ ಒಂದೇ ಒಂದೂ ಇಲ್ಲ! ಪಂಥದವರು ಬೇಕಾದರೆ ಪ್ಯಾರಾಚೂಟಿಲ್ಲದೆ ಹಾರಿ ತೋರಿಸಲಿ. ಹದಿನೈದು ವರ್ಷ ಬಿಟ್ಟು, 2018ರಲ್ಲಿ, ಅಮೆರಿಕದ ಕೆಲವರು ನಿಜವಾಗಿಯೂ ಮಾಡಿದರು. 23 ಜನ ವಿಮಾನದಿಂದ ಹಾರಿದರು; ಕೆಲವರ ಬೆನ್ನಿಗೆ ಪ್ಯಾರಾಚೂಟು, ಕೆಲವರ ಬೆನ್ನಿಗೆ ಖಾಲಿ ಚೀಲ. ಸತ್ತವರು, ಗಾಯಗೊಂಡವರು ಎರಡೂ ಕಡೆ ಸೊನ್ನೆ. ಪ್ಯಾರಾಚೂಟಿನಿಂದ ಏನೂ ಪ್ರಯೋಜನವಿಲ್ಲ ಎಂದು ಸಿದ್ಧವಾಯಿತು.

“ಅದು ಹೇಗೆ?”

“ವಿಮಾನ ನೆಲದ ಮೇಲೆ ನಿಂತಿತ್ತು ಅಂಕಲ್. ಎರಡಡಿ ಎತ್ತರ. ಅದನ್ನ ಪೂರ್ತಿ ಓದಿದವ್ರಿಗೆ ಮಾತ್ರ ಗೊತ್ತಾಗುತ್ತೆ.”

ಹಾಗಾದರೆ ಡಾಕ್ಟರುಗಳು ಪೂರ್ತಿ ಓದುತ್ತಾರೋ? ಇಲ್ಲಿ ಹುಡುಗಿಯ ದನಿ ತಗ್ಗಿತು. ಇಂಗ್ಲೆಂಡಿನಲ್ಲಿ ಗಾಬೆ ಮತ್ತು ಲೆ ಮೇ ಎಂಬ ಇಬ್ಬರು ಸಂಶೋಧಕರು ಸಾಧಾರಣ ಡಾಕ್ಟರುಗಳ ಎರಡು ಕ್ಲಿನಿಕ್ಕುಗಳಲ್ಲಿ ಮೂಲೆ ಹಿಡಿದು ಕೂತು, ಇವರು ದಿನಾ ಹೇಗೆ ತೀರ್ಮಾನ ಮಾಡುತ್ತಾರೆ ಎಂದು ನೋಡಿ 2004ರಲ್ಲಿ ಬರೆದರಂತೆ. ಮಾರ್ಗಸೂಚಿಯ ಪುಸ್ತಕ ಬಿಚ್ಚಿ ನೋಡಿದವರೇ ಅಪರೂಪ. ಹಾಗಂತ ಬಾಯಿಗೆ ಬಂದದ್ದನ್ನು ಬರೆಯುತ್ತಿದ್ದರು ಎಂದಲ್ಲ. ಓದಿದ ಚೂರುಪಾರು, ಸಹೋದ್ಯೋಗಿ ಕಾಫಿ ಕುಡಿಯುತ್ತ ಹೇಳಿದ್ದು, ದೊಡ್ಡಾಸ್ಪತ್ರೆಯ ತಜ್ಞ ಕಾಗದದಲ್ಲಿ ಬರೆದದ್ದು, ಔಷಧ ಕಂಪನಿಯ ರೆಪ್ಪು ಹೇಳಿಹೋದದ್ದು, ರೋಗಿಗಳಿಂದಲೇ ಕಲಿತದ್ದು, ಎಲ್ಲವೂ ತಲೆಯೊಳಗೆ ಸೇರಿ ಒಂದು ದಾರಿ ಬಿದ್ದಿರುತ್ತದೆ. ಆ ದಾರಿಯಲ್ಲೇ ಕೈ ಓಡುತ್ತದೆ.

“ಅಂದ್ರೆ ಕಟ್ಟೆ ಪುರಾಣ ಅನ್ನಿ!”

“ಕಟ್ಟೆಯಲ್ಲಿ ಕೂರೋರು ಒಳ್ಳೆಯವರಾಗಿದ್ರೆ ಒಳ್ಳೆ ಪುರಾಣ,” ಎಂದಳು.

ನಾನು ಮೇಜಿನ ಮೇಲೆ ಕಣ್ಣಾಡಿಸಿದೆ. ಅವಳ ಅಪ್ಪನ ಕಾಲದ ಪೆನ್‌ ಸ್ಟ್ಯಾಂಡು ಗ್ಯಾಸಿನ ಮಾತ್ರೆಯದು. ಗೋಡೆ ಗಡಿಯಾರ ಕೆಮ್ಮಿನ ಸಿರಪ್ಪಿನದು. ಕ್ಯಾಲೆಂಡರು ಸಕ್ಕರೆ ಕಾಯಿಲೆಯ ಮಾತ್ರೆಯದು. ಅದರಲ್ಲಿ ಲಕ್ಷ್ಮಿ ಕೂತಿದ್ದಾಳೆ. ಬೆಂಚಿನ ಕೊನೆಯಲ್ಲಿ ಕಪ್ಪು ಬ್ಯಾಗಿನ ಒಬ್ಬ ರೆಪ್ಪು ಮಳೆ ನಿಲ್ಲಲಿ, ನಾನು ಏಳಲಿ ಎಂದು ಕಾದಿದ್ದ. ಕಟ್ಟೆಯ ಸದಸ್ಯರು ಎಲ್ಲ ಹಾಜರಿದ್ದರು.

“ಹಾಗಾದ್ರೆ ತಪ್ಪು ನಿಮ್ಮದೇ ಆಯ್ತಲ್ಲ,” ಎಂದು ನಾನು ಗೆದ್ದವನಂತೆ ಎದೆ ಸೆಟೆಸಿದೆ. ಆಗ ಅವಳು ತನ್ನ ಬ್ರಹ್ಮಾಸ್ತ್ರ ತೆಗೆದಳು. ಈ ಬರಹವನ್ನು ನಾನು ಬರೆಯುತ್ತಿರುವುದೇ ಆ ಏಟು ತಿಂದಿದ್ದಕ್ಕೆ.

ಮಕ್ಕಳ ಭೇದಿಗೆ ಓಆರ್‌ಎಸ್ ಅನ್ನುವ ಪುಡಿ ಇದೆಯಲ್ಲ. ಅದಕ್ಕಿಂತ ಗಟ್ಟಿ ಪುರಾವೆಯಿರುವ, ಅದಕ್ಕಿಂತ ಅಗ್ಗದ ಔಷಧ ಹುಡುಕಿದರೂ ಸಿಗುವುದು ಕಷ್ಟ. ಕೆಲಸ ಮಾಡುವ ಬಗೆಯೂ ಚೆಂದ: ಗ್ಲೂಕೋಸು ಉಪ್ಪಿನ ಕೈಹಿಡಿದು ಕರುಳಿನ ಗೋಡೆ ದಾಟಿಸುತ್ತದೆ, ಉಪ್ಪಿನ ಹಿಂದೆ ನೀರು ದಿಬ್ಬಣದಂತೆ ಬರುತ್ತದೆ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದ ನಿರಾಶ್ರಿತರಿಗೆ ಬಂಗಾಳದ ಬನಗಾಂವಿನಲ್ಲಿ ಕಾಲರಾ ಬಡಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ಹತ್ತಿರ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅವರು ಉಪ್ಪು, ಗ್ಲೂಕೋಸು ಪುಡಿಗಳನ್ನು ಡ್ರಮ್ಮುಗಳ ನೀರಿಗೆ ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ಮೂರೂವರೆಯ ಆಸುಪಾಸಿಗೆ ಇಳಿಯಿತು. ಆ ಮಹಾನುಭಾವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಕಡತಗಳ ವೇಗ ನನಗೆ ಗೊತ್ತಿರುವುದರಿಂದ ಆಶ್ಚರ್ಯವಾಗಲಿಲ್ಲ.

ಇದು ಡಾಕ್ಟರುಗಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೂ ಎಷ್ಟೋ ಜನ ಬರೆಯುವುದಿಲ್ಲ. ಯಾಕೆ ಎಂದು ಪತ್ತೆ ಮಾಡಲು ಅರ್ಥಶಾಸ್ತ್ರಜ್ಞರ ಒಂದು ತಂಡ ನಮ್ಮ ಕರ್ನಾಟಕದಲ್ಲೂ ಬಿಹಾರದಲ್ಲೂ ನಾಟಕ ಕಂಪನಿ ಕಟ್ಟಿತು! ಉತ್ಪ್ರೇಕ್ಷೆಯಲ್ಲ. ತರಬೇತಿ ಕೊಟ್ಟ ನಟರನ್ನು 253 ಊರುಗಳಿಗೆ ಕಳಿಸಿದರು. ಎರಡು ಸಾವಿರಕ್ಕೂ ಮೀರಿದ ಖಾಸಗಿ ಡಾಕ್ಟರು, ಮೆಡಿಕಲ್ ಶಾಪಿನವರ ಮುಂದೆ ಒಬ್ಬೊಬ್ಬನೂ ಹೋಗಿ ನಿಂತು, “ಸಾರ್, ಎರಡು ವರ್ಷದ ಮಗು, ಮನೇಲಿದೆ, ರಾತ್ರಿಯಿಂದ ಭೇದಿ,” ಎಂದು ಒಂದೇ ಪಾಠ ಒಪ್ಪಿಸಬೇಕು. ಮಗುವೂ ಇಲ್ಲ, ಭೇದಿಯೂ ಇಲ್ಲ. ಗುಬ್ಬಿ ವೀರಣ್ಣನವರು ಇದ್ದಿದ್ದರೆ ಒಳ್ಳೆ ಪಾತ್ರಧಾರಿಗಳನ್ನು ಒದಗಿಸುತ್ತಿದ್ದರು.

ಪಾಠದಲ್ಲಿ ಒಂದೇ ಒಂದು ಸಾಲು ಅದಲುಬದಲು. ಕೆಲವರು ಮೊಬೈಲಿನಲ್ಲಿ ಓಆರ್‌ಎಸ್ ಪೊಟ್ಟಣದ ಫೋಟೋ ತೋರಿಸಿ, ಇದು ಕೊಡಬಹುದಾ ಎನ್ನುವುದು. ಕೆಲವರು ಆಂಟಿಬಯೋಟಿಕ್ಕಿನ ಫೋಟೋ ತೋರಿಸುವುದು. ಕೆಲವರು ನೀವು ಹೇಳಿದ ಹಾಗೆ ಸಾರ್ ಎಂದು ಕೈಕಟ್ಟಿ ನಿಲ್ಲುವುದು. ಇನ್ನು ಕೆಲವರು, ಔಷಧ ನಾನು ಬೇರೆ ಕಡೆ ತಗೋತೀನಿ ಎಂದು ಮೊದಲೇ ಹೇಳಿ ಲಾಭದ ಆಸೆಗೆ ಬಾಗಿಲು ಹಾಕುವುದು. ಇದರ ಜೊತೆಗೆ ಅರ್ಧ ಜನ ಡಾಕ್ಟರಿಗೆ, ಅಂಗಡಿಯವರಿಗೆ ಓಆರ್‌ಎಸ್ ಪೊಟ್ಟಣಗಳನ್ನು ಪುಕ್ಕಟೆ ತುಂಬಿಸಿಕೊಟ್ಟರು, ಸ್ಟಾಕು ಇರಲಿಲ್ಲ ಅನ್ನುವ ನೆಪ ಬೇಡ ಎಂದು.

2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನಾನು ಊಹಿಸಿದ ಕಳ್ಳರು ಯಾರೂ ಸಿಕ್ಕಿಬೀಳಲಿಲ್ಲ. ಓಆರ್‌ಎಸ್ ಬರೆಯದೆ ಹೋಗುವುದರಲ್ಲಿ ಸ್ಟಾಕಿಲ್ಲದ್ದರ ಪಾಲು ಶೇಕಡಾ 6. ಲಾಭದಾಸೆಯ ಪಾಲು ಶೇಕಡಾ 5. ‘ಈ ರೋಗಿಗೆ ಓಆರ್‌ಎಸ್ ಬೇಕಾಗಿಲ್ಲ’ ಎಂದು ಡಾಕ್ಟರು ಮನಸ್ಸಿನಲ್ಲೇ ಅಂದುಕೊಳ್ಳುವುದರ ಪಾಲು ಶೇಕಡಾ 42! ಪೊಟ್ಟಣ ತುಂಬಿಸಿಕೊಟ್ಟಾಗ ಬರೆಯುವವರು ನೂರಕ್ಕೆ ಏಳು ಹೆಚ್ಚಿದರೆ, ರೋಗಿಯ ಕಡೆಯವನು ಬಾಯಿಬಿಟ್ಟು ಕೇಳಿದಾಗ ಇಪ್ಪತ್ತೇಳು ಹೆಚ್ಚಿದರು.

“ನಾವು ಓದಿದ್ದೀವಿ ಅಂಕಲ್, ಪುರಾವೆಯೂ ಇದೆ,” ಎಂದಳು ಹುಡುಗಿ. “ಆದ್ರೆ ಪುಸ್ತಕಕ್ಕೂ ಚೀಟಿಗೂ ಮಧ್ಯೆ ಈ ಸ್ಟೂಲಿದೆ ನೋಡಿ. ಅದರ ಮೇಲೆ ನೀವು ಕೂತಿರ್ತೀರಿ.”

ನಾನು ಸ್ಟೂಲಿನ ಮೇಲೆ ಸ್ವಲ್ಪ ಅಲ್ಲಾಡಿದೆ.

ತಮಾಷೆ ಇನ್ನೂ ಇದೆ. ಮನೆಮನೆಗೆ ಹೋಗಿ ಕೇಳಿದಾಗ ಓಆರ್‌ಎಸ್ಸೇ ಒಳ್ಳೆಯದು ಎಂದ ತಾಯ್ತಂದೆಯರು ಡಾಕ್ಟರುಗಳು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಆದರೆ ಬಾಯಿಬಿಟ್ಟು ಹೇಳುವವರಿಲ್ಲ. ಡಾಕ್ಟರ ಎದುರಿಗೆ ಕೂತು ಇಂಥದ್ದು ಕೊಡಿ ಎನ್ನುವುದಕ್ಕೆ ಸಂಕೋಚ. ಡಾಕ್ಟರಿಗೆ, ಐದು ನಿಮಿಷ ನೋಡಿ ಉಪ್ಪು ಸಕ್ಕರೆ ಬರೆದರೆ ಇವರು ನಾಳೆ ಎದುರು ಬೀದಿಯವನ ಹತ್ತಿರ ಹೋಗುತ್ತಾರೆ ಎಂಬ ಅಳುಕು. ಮದುವೆ ಮಾತುಕತೆಯಲ್ಲಿ ಹೀಗೇ ಅಲ್ಲವೇ? ಗಂಡಿನವರಿಗೆ ಮೂರು ಸಿಹಿ ಇಲ್ಲದಿದ್ದರೆ ಬೇಜಾರಾಗುತ್ತದೆ ಎಂದು ಹೆಣ್ಣಿನವರು ಸಾಲ ಮಾಡುತ್ತಾರೆ. ಗಂಡಿನವರಿಗೆ ಸಕ್ಕರೆ ಕಾಯಿಲೆ. ಆದರೂ ಬಡಿಸಿದ್ದನ್ನು ಬಿಟ್ಟರೆ ಹೆಣ್ಣಿನವರಿಗೆ ಬೇಜಾರು ಎಂದು ಮೂರನ್ನೂ ತಿನ್ನುತ್ತಾರೆ. ಲಾಭ ಅಡುಗೆ ಕಂಟ್ರಾಕ್ಟರಿಗೆ.

ಮಳೆ ಜೋರಾಯಿತು. ರೆಪ್ಪು ಎದ್ದುಹೋದ. ನಾನು ಸೋಲೊಪ್ಪದೆ ಇನ್ನೊಂದು ಬಾಣ ಬಿಟ್ಟೆ. “ನಿಮ್ಮ ಸಂಶೋಧನೆಯೇ ನೆಟ್ಟಗಿಲ್ಲವಲ್ಲ! ಇವತ್ತು ತುಪ್ಪ ವಿಷ, ನಾಳೆ ಅಮೃತ.”

ಈ ಸಲ ಅವಳು ನಗಲಿಲ್ಲ. ಬಾಯಲ್ಲಿ ಪೆನ್ನು ಕಚ್ಚಿಕೊಂಡು ಒಂದು ಕ್ಷಣ ಯೋಚಿಸಿ ಸ್ಟೀರಾಯ್ಡಿನ ಕಥೆ ಹೇಳಿದಳು. ದಿನ ತುಂಬುವ ಮೊದಲೇ ಹೆರಿಗೆ ಆಗುವಂತಿದ್ದರೆ ತಾಯಿಗೆ ಕೊಡುವ ಇಂಜೆಕ್ಷನ್ನು, ಮಗುವಿನ ಶ್ವಾಸಕೋಶ ಬಲಿಯಲಿ ಎಂದು. ನ್ಯೂಜಿಲೆಂಡಿನ ಲಿಗಿನ್ಸ್ ಮೊದಲು ಕುರಿಗಳಲ್ಲಿ ಅದರ ಗುಣ ಕಂಡು, ಹೋವಿ ಜೊತೆ ಸೇರಿ 1972ರಲ್ಲಿ ತಾಯಂದಿರ ಮೇಲಿನ ಪ್ರಯೋಗ ಪ್ರಕಟಿಸಿದ. ಗುಣವಿದೆ ಎಂದು ಒಂದಾದ ಮೇಲೊಂದು ಅಧ್ಯಯನ ಹೇಳಿದರೂ ಹೆರಿಗೆ ವಾರ್ಡುಗಳು ಅದನ್ನು ಮನಸಾರೆ ಒಪ್ಪಲು ಇಪ್ಪತ್ತು ವರ್ಷ ಮೀರಿತು. ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ ಈ ಕಥೆಯ ನಕ್ಷೆಯನ್ನೇ ತನ್ನ ಲಾಂಛನ ಮಾಡಿಕೊಂಡಿದೆ. ಸರಿ, ಇಷ್ಟು ಒಳ್ಳೆಯದನ್ನು ಬಡ ದೇಶಗಳ ಹಳ್ಳಿಹಳ್ಳಿಗೂ ಹಂಚೋಣ ಎಂದು ಆರು ದೇಶಗಳಲ್ಲಿ ಹೊರಟರು. ನಮ್ಮ ಬೆಳಗಾವಿ, ಪಕ್ಕದ ರಾಜ್ಯದ ನಾಗಪುರವೂ ಅದರಲ್ಲಿದ್ದವು. 2015ರಲ್ಲಿ ಲೆಕ್ಕ ನೋಡಿದರೆ ಶಿಶುಮರಣ ಇಳಿಯುವ ಬದಲು ಒಟ್ಟಾರೆ ಸ್ವಲ್ಪ ಏರಿತ್ತು! ಸೂಜಿ ಅದೇ. ಆದರೆ ಎಷ್ಟು ತಿಂಗಳು ಎಂದು ಸರಿಯಾಗಿ ತಿಳಿಯದ ಕಡೆ, ಹುಟ್ಟಿದ ಕೂಸನ್ನು ನೋಡಿಕೊಳ್ಳಲು ವ್ಯವಸ್ಥೆಯಿಲ್ಲದ ಕಡೆ ಅದು ಹರಡಿತ್ತು. ಮತ್ತೆ ಐದು ದೇಶಗಳ ಸಜ್ಜಾದ ಆಸ್ಪತ್ರೆಗಳಲ್ಲಿ, ಸ್ಕ್ಯಾನು ನೋಡಿ ದಿನ ಎಣಿಸಿ ಕೊಟ್ಟಾಗ, 2020ರಲ್ಲಿ ಬಂದ ಉತ್ತರ: ಉಳಿಯುವ ಮಕ್ಕಳು ಹೆಚ್ಚು. ಅಲ್ಲೂ ಬೆಳಗಾವಿಯಿತ್ತು.

“ಪುರಾವೆ ಅಂದ್ರೆ ಸರ್ಕಾರಿ ಆದೇಶ ಅಲ್ಲ ಅಂಕಲ್, ಎಲ್ಲ ಊರಿಗೂ ಒಂದೇ ಅನ್ನೋಕೆ. ಯಾರಿಗೆ, ಎಲ್ಲಿ ಅಂತ ನೋಡ್ಬೇಕು.”

ನಾನು ಸುಮ್ಮನಾದೆ. ಸರ್ಕಾರಿ ಆದೇಶವೂ ಎಲ್ಲ ಊರಿಗೆ ಒಂದೇ ಆಗಿರುವುದಿಲ್ಲ ಎಂಬ ಕಚೇರಿ ರಹಸ್ಯವನ್ನು ಅವಳಿಗೆ ಹೇಳಲು ಹೋಗಲಿಲ್ಲ.

ಬೆಳಗಾವಿಯ ಹೆಸರು ಬಂತಲ್ಲ, ಅಲ್ಲಿಯದೇ ಇನ್ನೊಂದು ಸಂಗತಿ ಹೇಳಿದಳು. ಇದನ್ನು ಕೇಳಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯ ಎಂದು ಪುಸ್ತಕದಲ್ಲಿದೆ. ಎಷ್ಟು ಹೋಯಿತು ಎಂದು ಅಳೆಯುವವರು ಯಾರು? ಹಾಸಿದ ಬಟ್ಟೆ ನೋಡಿ ಕಣ್ಣಂದಾಜಿನಲ್ಲಿ, ಪರವಾಗಿಲ್ಲ ಎಂದೋ ಜಾಸ್ತಿ ಆಯ್ತು ಎಂದೋ ಹೇಳುವುದು. ಅಂದಾಜು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು, ಅಮೆರಿಕದ ಜೊತೆಗಾರರೊಂದಿಗೆ, ಹಳ್ಳಿಗಳಲ್ಲಿ ಈ ಸ್ರಾವ ತಡೆಯುವ ಮಾತ್ರೆಯೊಂದರ ಪ್ರಯೋಗ ಮಾಡಲು ಹೊರಟಾಗ ಅಳತೆಗೆ ಒಂದು ಉಪಾಯ ತೆಗೆದರು. ಪ್ಲಾಸ್ಟಿಕ್ ಹಾಳೆ, ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ದಾರ ಕಟ್ಟುವಂಥದ್ದು. ತುದಿಯಲ್ಲಿ ಆಲಿಕೆಯಂಥ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು.

ಅಳತೆಯ ಗೆರೆಗಳು! ನಮ್ಮಪ್ಪನ ಬಾಟಲಿಯ ಕಾಗದದ ಪಟ್ಟಿ!

ಆ ಹಾಳೆ ಹಾಸಿ ನೋಡಿದರೆ ಕಣ್ಣಂದಾಜು ನಿಜವಾದ ಅಳತೆಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಎಂದು ತಿಳಿಯಿತು. ಪ್ರಯೋಗ ನಡೆಸಿದವರು ದೊಡ್ಡ ತಜ್ಞರಲ್ಲ, ಹಳ್ಳಿಯ ಎಎನ್‌ಎಂಗಳು, ನಮ್ಮ ಬಾಯಲ್ಲಿ ‘ನರ್ಸಮ್ಮ’ನವರು, ಇಪ್ಪತ್ತೈದು ಜನ. 1,620 ಹೆರಿಗೆಗಳು. ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಅರ್ಧದಷ್ಟು ಜನಕ್ಕೆ ಬರಿಯ ಹುಸಿಮಾತ್ರೆ. ಅತಿಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಬಂತು. ಫ್ರಿಜ್ಜು ಬೇಡ, ಸೂಜಿ ಬೇಡ, ನುಂಗುವ ಮಾತ್ರೆ. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆ ಪಟ್ಟಿ ಸೇರಿತು, ಆದರೆ ಗೆರೆಯಿದ್ದ ಹಾಳೆ ಬಹಳ ಕಾಲ ಮೂಲೆಯಲ್ಲೇ ಇತ್ತು. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನ ಬಂತು. ಕಣ್ಣಂದಾಜಿನ ಕಡೆ ಅತಿಸ್ರಾವದ ಅರ್ಧದಷ್ಟು ಪ್ರಕರಣಗಳು ಗಮನಕ್ಕೇ ಬರುತ್ತಿರಲಿಲ್ಲ. ಅಂಥದ್ದೇ ಗೆರೆಯ ಹಾಳೆ ಹಾಸಿದ ಕಡೆ ನೂರಕ್ಕೆ 93 ಗೊತ್ತಾದವು. ಗೊತ್ತಾದ ತಕ್ಷಣ ಮಾಡಬೇಕಾದ ನಾಲ್ಕಾರು ಕೆಲಸಗಳನ್ನು ಒಟ್ಟಿಗೇ ಮಾಡಿದ್ದರಿಂದ ಗಂಡಾಂತರಗಳು ಶೇಕಡಾ 60ರಷ್ಟು ತಗ್ಗಿದವು. ಹೊಸ ಔಷಧ ಯಾವುದೂ ಕಂಡುಹಿಡಿದದ್ದಲ್ಲ. ಅಳತೆ ಮಾಡಿದ್ದು, ಅಷ್ಟೆ.

“2006ರಿಂದ 2023. ಎಷ್ಟಾಯ್ತು ಅಂಕಲ್?”

“ಹದಿನೇಳು.”

ಅದೂ ಒಂದು ಗಾದೆಯಂತೆ ಇವರ ವಲಯದಲ್ಲಿ. ಸಂಶೋಧನೆಯಲ್ಲಿ ತಿಳಿದದ್ದು ರೋಗಿಯ ಹಾಸಿಗೆಯ ತನಕ ಬರಲು ಸರಾಸರಿ 17 ವರ್ಷ ಎಂದು ಅಮೆರಿಕದಲ್ಲಿ 2000ರಲ್ಲಿ ಇಬ್ಬರು ಲೆಕ್ಕ ಹಾಕಿದ್ದರು. ಹಡಗಿನ ನಾವಿಕರ ಸ್ಕರ್ವಿಗೆ ನಿಂಬೆ, ಕಿತ್ತಳೆ ಮದ್ದು ಎಂದು ಜೇಮ್ಸ್ ಲಿಂಡ್ 1747ರಲ್ಲಿ ಹನ್ನೆರಡು ಜನರ ಮೇಲೆ ತೋರಿಸಿದ್ದನ್ನು ಬ್ರಿಟಿಷ್ ನೌಕಾಪಡೆ ಒಪ್ಪಿಕೊಂಡದ್ದು 1795ರಲ್ಲಿ. ಅದಕ್ಕೆ ಹೋಲಿಸಿದರೆ ಸುಧಾರಣೆಯೇ. ನಮ್ಮ ಕಚೇರಿಯಲ್ಲಿ ಹದಿನೇಳು ವರ್ಷಕ್ಕೆ ಒಂದು ಪೋಡಿ ಫೈಲು ಮುಗಿದರೆ ರೈತ ತೆಂಗಿನಕಾಯಿ ಒಡೆದು ಹೋಗುತ್ತಿದ್ದ.

ಮನೆಗೆ ಬಂದು ಯೋಚಿಸಿದೆ. ಬುದ್ಧಿ ಬಂತು ಎಂದೇ ಹೇಳಬೇಕು. ಬುದ್ಧಿ ಬಂದದ್ದನ್ನು ಪರೀಕ್ಷಿಸಲು ಅವಕಾಶವೂ ಬಂತು. ಮೈಸೂರಿಗೆ ಮಗಳ ಮನೆಗೆ ಹೋಗಿದ್ದಾಗ ಎರಡು ವರ್ಷದ ಮೊಮ್ಮಗನಿಗೆ ಭೇದಿ. ಅಳಿಯ ಊರಲ್ಲಿಲ್ಲ. ನಾನೇ ಬೀದಿಯ ತುದಿಯ ಮೆಡಿಕಲ್ ಶಾಪಿಗೆ ಹೋಗಿ, ಮೊಬೈಲು ತೆಗೆದು ಓಆರ್‌ಎಸ್ ಪೊಟ್ಟಣದ ಫೋಟೋ ತೋರಿಸಿ ಗಂಭೀರವಾಗಿ, “ಎರಡು ವರ್ಷದ ಮಗು, ಮನೇಲಿದೆ, ರಾತ್ರಿಯಿಂದ ಭೇದಿ. ಇದು ಕೊಡಿ, ಜೊತೆಗೆ ಜಿಂಕ್ ಸಿರಪ್ಪು,” ಎಂದೆ. ಹುಡುಗ ಪೊಟ್ಟಣ ಕೊಟ್ಟ. ಆಮೇಲೆ ಸ್ವಲ್ಪ ಬಗ್ಗಿ, “ಇದರಲ್ಲಿ ನಿಲ್ಲಲ್ಲ ಅಜ್ಜಾ, ಇದನ್ನೂ ಇಟ್ಕೊಳ್ಳಿ,” ಎಂದು ಒಂದು ಆಂಟಿಬಯೋಟಿಕ್ ಬಾಟಲಿ ಮುಂದೆ ಸರಿಸಿದ. ನಾನು ಬೇಡ ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವು ಸರ್ವೇಗೆ ಬಂದೋರಾ?” ಎಂದ. ಬಣ್ಣ ಹಚ್ಚದೆಯೇ ನಟನಾಗಿಬಿಟ್ಟೆ.

ಮಗುವನ್ನು ಡಾಕ್ಟರಿಗೂ ತೋರಿಸಿದೆವು. ಅವರೂ ಅದನ್ನೇ ಮುಂದುವರಿಸಿ ಎಂದರು. ನನಗೆ ಒಳಗೊಳಗೇ ಹೆಮ್ಮೆ.

ಹೆಮ್ಮೆ ಕಾರ್ತಿಕದ ತನಕ ಬಾಳಿತು. ಆಗ ಮತ್ತೆ ನೆಗಡಿ. ತಲೆ ಅಕ್ಕಿಮೂಟೆ, ಗಂಟಲಲ್ಲಿ ಕೊಬ್ಬರಿ. ಲಿಂಡ್, ಲಿಗಿನ್ಸ್, ಮಹಾಲನಬಿಸ್ ಎಲ್ಲರೂ ಮೂಗಿನ ಜೊತೆಗೆ ಸೋರಿಹೋದರು. ಹಳೆಯ ಸೊಂಟ ಹಳೆಯ ಸೂಜಿಯನ್ನು ನೆನೆಯಿತು. ಮುಂಬಾಗಿಲಿನ ಶಾಪಿಗೆ ಹೋಗುವ ಧೈರ್ಯವಿಲ್ಲ. ಓಣಿ ಸುತ್ತಿ ಹಿಂಬಾಗಿಲಿಗೆ ಹೋದೆ. ದೊಡ್ಡ ಡಾಕ್ಟರು ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದರು.

“ಡಾಕ್ಟ್ರೇ,” ಎಂದೆ ಪಿಸುಮಾತಿನಲ್ಲಿ, “ಒಂದು ಇಂಜೆಕ್ಷನ್ ಹಾಕಿಬಿಡಿ.”

ಅವರು ಶಾಪಿನ ಕಡೆ ಒಮ್ಮೆ ನೋಡಿದರು. “ಸಿರಿಂಜೆಲ್ಲ ಅವಳ ಬೀರುವಿನಲ್ಲಿದೆ ರಾಯರೇ. ಕೀಲಿಕೈ ಸೊಂಟದಲ್ಲಿ.” ಆಮೇಲೆ ಪೇಪರು ಮಡಿಸಿ ಪಕ್ಕಕ್ಕಿಟ್ಟರು. “ಅಷ್ಟು ವರ್ಷ ನಿಮಗೆ ಹಾಕ್ತಿದ್ದದ್ದು ಏನು ಗೊತ್ತಾ?”

“ಏನು?”

“ಬಿ-ಕಾಂಪ್ಲೆಕ್ಸು. ನೆಗಡಿಗೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕು ಅಂತ ಮುಖದಲ್ಲೇ ಕಾಣ್ತಿತ್ತು. ಹಾಕದಿದ್ರೆ ಎದುರು ಬೀದಿಯವರ ಹತ್ರ ಹೋಗ್ತಿದ್ರಿ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮೊದಲ ಸಲ ಆ ಪರದೆಯ ಹಿಂದೆ ನಿಂತದ್ದು ನೆನಪಾಯಿತು. ಮದುವೆಯಾದ ಹೊಸತು. ಸೂಜಿ ಕಂಡರೆ ಮೈಯೆಲ್ಲ ಬೆವರು. ಬೇಡ ಎಂದರೆ ಡಾಕ್ಟರಿಗೆ ಅವಮಾನವಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡಿದ್ದೆ.

ಅದನ್ನು ಹೇಳಿದೆ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಮೂವತ್ತು ವರ್ಷ ಆ ಇಂಜೆಕ್ಷನ್ನು ಬೇಕಾಗಿದ್ದದ್ದು ಯಾರಿಗೆ ರೀ?”

ಒಳಗಿಂದ ಡಾಕ್ಟರ ಮನೆಯವರು ಎರಡು ಲೋಟ ತಂದಿಟ್ಟರು. ಶುಂಠಿ ಜಜ್ಜಿ ಹಾಕಿತ್ತು. ಕುಡಿದು, ಬಂದ ಓಣಿಯಲ್ಲೇ ಸುತ್ತಿಕೊಂಡು ಮನೆಗೆ ಬಂದೆ.

“ಏನು ಕೊಟ್ರು?” ಎಂದಳು ಹೆಂಡತಿ.

“ಕಾಫಿ.”